ಹೊಣೆಗಾರನ ವರಮಾನ

ಗರುಡಾಚಾರ್‌ಪಾಳ್ಯದಲ್ಲಿ ನಮ್ಮ ನೆರೆಮನೆಯ ಹಿರಿಯ ತಾಯಿಯೊಬ್ಬರು 2025ರಲ್ಲಿ ಒಂದು ಸಂಜೆ ಕಾಗದಗಳ ಕಟ್ಟೊಂದನ್ನು ಕೈಯಲ್ಲಿ ಹಿಡಿದು ಮನೆಗೆ ಬಂದರು. ಅವರ ಯಜಮಾನರು ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದವರು. ನಿವೃತ್ತಿಯ ಹಣದಿಂದ ಸಣ್ಣ ಮನೆಯೊಂದನ್ನು ಕಟ್ಟಿಸಿ, ಅದರಲ್ಲಿ ಬಹುಕಾಲ ಬಾಳದೆಯೇ ತೀರಿಕೊಂಡರು. ಒಬ್ಬನೇ ಮಗ, ಅಮೆರಿಕದಲ್ಲಿ ಸಂಸಾರವಂದಿಗ. ಊರಿನ ಪಕ್ಕದಲ್ಲಿ 2023ರ ಮಾರ್ಚಿನಿಂದ ಮೆಟ್ರೊ ರೈಲು ಓಡುತ್ತಿದ್ದರೂ ಈ ತಾಯಿ ತಮ್ಮ ಜಗುಲಿಯನ್ನು ಬಿಟ್ಟು ಹೊರಡುವುದು ಅಪರೂಪ.

“ಮೇಷ್ಟ್ರೇ, ಇವನ್ನೆಲ್ಲ ಇಂಗ್ಲಿಷಿಗೆ ಮಾಡಿಕೊಡಬೇಕಂತೆ” ಎಂದರು. ಬಿಚ್ಚಿ ನೋಡಿದೆ: ಮನೆಯ ಕ್ರಯಪತ್ರ, ಖಾತೆ, ಕಂದಾಯದ ರಸೀದಿಗಳು.

ಸಂಗತಿ ಇಷ್ಟು. ಅಲ್ಲಿಯ ಪೌರನಾಗಿರುವ ಮಗ, ತಾಯಿಯನ್ನು ತನ್ನೊಡನೆ ನೆಲೆಸುವಂತೆ ಕರೆಸಿಕೊಳ್ಳಲು ಅರ್ಜಿ ಹಾಕಿದ್ದ. ಅರ್ಜಿ ಮಂಜೂರಾಯಿತು. ತಾಯಿ-ಮಗ ಎಂಬ ಸಂಬಂಧಕ್ಕೆ ಜನನಪತ್ರವೇ ಸಾಕ್ಷಿಯಾಯಿತು. ಆದರೆ ತಾಯಿಗೆ ಅನ್ನ ಹಾಕಬಲ್ಲೆನೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಯಿತು. ಅಷ್ಟರಲ್ಲಿ ಮಗನ ಕೆಲಸ ಹೋಯಿತು. ಸಿಕ್ಕಿದ ಬೇರೆ ಕೆಲಸದಲ್ಲಿ ಸಂಬಳ ಸಾಲದು.

ಬರುವವನು ನಾಡಿಗೆ ಭಾರವಾಗಬಾರದೆಂಬ ನಿಯಮ ಅಮೆರಿಕದಲ್ಲಿ ಇಂದಿನದಲ್ಲ. ತನ್ನನ್ನು ತಾನು ನೋಡಿಕೊಳ್ಳಲಾರದೆ ಸಾರ್ವಜನಿಕರ ಮೇಲೆ ಬೀಳುವವನನ್ನು ಬಂದರಿನಲ್ಲಿಯೇ ತಡೆಯಬೇಕೆಂದು 1882ರ ಶಾಸನವೇ ಹೇಳಿತ್ತು. ನಮ್ಮವರಿಗಾದರೋ ಬಹುಕಾಲ ಬಾಗಿಲೇ ಮುಚ್ಚಿತ್ತು. 1946ರ ಶಾಸನ ವರ್ಷಕ್ಕೆ ನೂರು ಮಂದಿ ಭಾರತೀಯರಿಗೆ ಮಾತ್ರ ಅವಕಾಶವಿತ್ತಿತು. 1965ರ ಶಾಸನ ಕುಟುಂಬ ಸಂಬಂಧಕ್ಕೆ ಮನ್ನಣೆ ಕೊಟ್ಟು, ಇಪ್ಪತ್ತೊಂದು ತುಂಬಿದ ಪೌರರ ತಂದೆತಾಯಿಗಳನ್ನು ಸಂಖ್ಯೆಯ ಮಿತಿಯಿಂದ ಹೊರಗಿಟ್ಟಿತು. ಆಗಲೂ ಕರೆಸಿಕೊಳ್ಳುವವನು ಬರೆದುಕೊಡುತ್ತಿದ್ದ ಮುಚ್ಚಳಿಕೆ ನ್ಯಾಯಾಲಯದಲ್ಲಿ ನಿಲ್ಲುವಂಥದಾಗಿರಲಿಲ್ಲ. 1996ರ ಶಾಸನ ಅದಕ್ಕೆ ಹಲ್ಲು ಕೊಟ್ಟಿತು. 1997ರ ಡಿಸೆಂಬರ್ 19ರಿಂದ ಜಾರಿಗೆ ಬಂದ ಐ-864 ಎಂಬ ನಮೂನೆ ಬರಿಯ ಭರವಸೆಯ ಪತ್ರವಲ್ಲ. ದಾವೆ ಹೂಡಿ ವಸೂಲು ಮಾಡಬಹುದಾದ ಕರಾರು.

ಈ ಕರಾರಿಗೆ ಅಳತೆಗೋಲೊಂದುಂಟು. ಅಲ್ಲಿಯ ಸರ್ಕಾರ ವರ್ಷವರ್ಷವೂ ಪ್ರಕಟಿಸುವ ಬಡತನದ ರೇಖೆಯ ನೂರಕ್ಕೆ ನೂರಿಪ್ಪತ್ತೈದರಷ್ಟಾದರೂ ಹೊಣೆಗಾರನ ವರಮಾನವಿರಬೇಕು. ಮನೆಯ ತಲೆಗಳನ್ನೆಣಿಸುವಾಗ ಬರಲಿರುವವರನ್ನೂ ಸೇರಿಸಬೇಕು. ಈ ಮಗನಿಗೆ ತಾನು, ಸಂಪಾದನೆಯಿಲ್ಲದ ಹೆಂಡತಿ, ಇಬ್ಬರು ಮಕ್ಕಳು, ಬರುವ ತಾಯಿ—ಒಟ್ಟು ಐದು ಮಂದಿ. 2025ರ ಲೆಕ್ಕದಲ್ಲಿ ಐವರಿಗೆ ಬೇಕಾದದ್ದು ವರ್ಷಕ್ಕೆ 47,062 ಡಾಲರು, ಅವನಿಗಿದ್ದದ್ದು 30,000. ಹಿಂದಿನ ವರ್ಷದ ತೆರಿಗೆ ಪತ್ರದಲ್ಲಿ ಸಂಬಳ ದೊಡ್ಡದೇ. ಆದರೆ ಅಧಿಕಾರಿ ನೋಡುವುದು ಮುಖ್ಯವಾಗಿ ಇಂದಿನ ಸಂಪಾದನೆಯನ್ನು. ಹೋದ ವರ್ಷದ ಮಳೆಯಿಂದ ಈ ವರ್ಷದ ಗದ್ದೆ ತೊಯ್ಯುವುದಿಲ್ಲವಷ್ಟೆ.

ಇಲ್ಲಿಂದ ಮುಂದಕ್ಕೆ ಎರಡು ದಾರಿಗಳು. ಒಂದು, ಆಸ್ತಿಯನ್ನು ತೋರಿಸುವುದು. ತಂದೆತಾಯಿಗಳ ವಿಷಯದಲ್ಲಿ ಕೊರತೆಯ ಐದರಷ್ಟು ಆಸ್ತಿ ಬೇಕು. ಎಂದರೆ 17,062ರ ಕೊರತೆಗೆ 85,310 ಡಾಲರು. ಬರುವವರ ಆಸ್ತಿಯನ್ನೂ ಲೆಕ್ಕಕ್ಕೆ ಹಿಡಿಯಬಹುದು. ಆದಕಾರಣವೇ ಗರುಡಾಚಾರ್‌ಪಾಳ್ಯದ ಮನೆಯ ಪತ್ರಗಳು ನನ್ನ ಮೇಜಿಗೆ ಬಂದದ್ದು. ಆದರೆ ಅಂಥ ಆಸ್ತಿ ಒಂದು ವರ್ಷದೊಳಗೆ, ಹೆಚ್ಚಿನ ಕಷ್ಟನಷ್ಟವಿಲ್ಲದೆ, ಹಣವಾಗಿ ಮಾರ್ಪಡುವಂತಿರಬೇಕು. ಯಜಮಾನರು ಕಟ್ಟಿಸಿದ ಮನೆ ಸುಲಭವಾಗಿ ಮಾರಿಹೋಗುವಂಥದೆಂದು ಈ ತಾಯಿಯೇ ರುಜುವಾತು ಮಾಡಬೇಕು. ಮನೆಗೆ ಬೆಲೆಯೇನೋ ಇದೆ. ಆದರೆ ಈ ಮಾತನ್ನು ಅನುವಾದಿಸಿ ಹೇಳುವಾಗ ನನ್ನ ನಾಲಗೆ ತಡವರಿಸಿತು.

ಎರಡನೆಯ ದಾರಿ, ಅಲ್ಲಿಯವರು ‘ಜಾಯಿಂಟ್ ಸ್ಪಾನ್ಸರ್’ ಎನ್ನುವ, ನಾವು ಕೂಡುಹೊಣೆಗಾರನೆನ್ನಬಹುದಾದ, ಮತ್ತೊಬ್ಬನನ್ನು ಹುಡುಕುವುದು. ಅವನು ಬಂಧುವಾಗಿರಬೇಕಾದ್ದಿಲ್ಲ. ಹದಿನೆಂಟು ತುಂಬಿದ, ಅಲ್ಲಿಯೇ ನೆಲೆಸಿರುವ ಪೌರನೋ ಕಾಯಂ ನಿವಾಸಿಯೋ ಆಗಿದ್ದರೆ ಸಾಕು. ಆದರೆ ಇಬ್ಬರ ವರಮಾನವನ್ನು ಕೂಡಿಸಿ ಗಡಿ ದಾಟುವಂತಿಲ್ಲ. ಕೂಡುಹೊಣೆಗಾರನ ವರಮಾನ ತಾನೊಂದೇ ನಿಂತು ಸಾಲಬೇಕು. ಅವನು ಸಹಿ ಮಾಡಿದನೆಂದು ಮಗನಿಗೆ ಬಿಡುಗಡೆಯೂ ಇಲ್ಲ. ಮಗನೂ ತನ್ನ ನಮೂನೆಯನ್ನು ತುಂಬಿ ರುಜು ಹಾಕಲೇಬೇಕು. ಮಗನಿಗೊಬ್ಬ ಕಾಲೇಜಿನ ಗೆಳೆಯ ಅಲ್ಲಿದ್ದ. ಅವನು, ಹೆಂಡತಿ, ಒಂದು ಮಗು, ಈ ತಾಯಿ—ನಾಲ್ವರಿಗೆ 40,187 ಡಾಲರು. ಅವನ ಸಂಬಳ ಅದಕ್ಕಿಂತ ಬಹಳ ಮೇಲು.

ರುಜುವಾತಿನ ಪತ್ರಗಳೂ ಕಠಿಣವಾದವೇನಲ್ಲ. ಪೌರತ್ವದ ದಾಖಲೆ, ಇತ್ತೀಚಿನ ವರ್ಷದ ತೆರಿಗೆ ವಿವರ ಅಥವಾ ತೆರಿಗೆ ಇಲಾಖೆಯೇ ಪುಕ್ಕಟೆಯಾಗಿ ಕೊಡುವ ಅದರ ನಕಲು, ಸಂಬಳ ಕೊಟ್ಟವರು ವರ್ಷಾಂತ್ಯದಲ್ಲಿ ಕೊಡುವ ಡಬ್ಲ್ಯು-2 ಚೀಟಿ. ಜೊತೆಗೆ ಆರು ತಿಂಗಳ ಸಂಬಳದ ಚೀಟಿಗಳೂ ಕೆಲಸ ಕೊಟ್ಟವರ ಪತ್ರವೂ ಇದ್ದರೆ ಸಂದೇಹಕ್ಕೆ ಎಡೆಯಿರದು. “ಒಂದು ಸಹಿ ಅಷ್ಟೆ ಅಂತ ಅವನಿಗೆ ಹೇಳಿದೀನಿ, ಒಪ್ಪಿದಾನೆ, ಮನೆಯ ಕಾಗದಾನೂ ಜೊತೆಗಿರಲಿ” ಎಂದು ಮಗ ತಾಯಿಗೆ ತಿಳಿಸಿದ್ದ.

ಆ ರಾತ್ರಿ ಅನುವಾದಕ್ಕೆ ಕುಳಿತವನಿಗೆ ಮನಸ್ಸು ‘ಹೊಣೆ’ ಎಂಬ ಮಾತಿನಲ್ಲಿಯೇ ನಿಂತಿತು. ಪಾರಸಿಯ ದಾರಿಯಿಂದ ಬಂದ ‘ಜಾಮೀನು’ ಕಚೇರಿಗೆ ಸೇರಿತು. ‘ಹೊಣೆ’ ಮನೆಯಲ್ಲಿಯೇ ಉಳಿಯಿತು. ಆದರೆ ಹೊಣೆಯ ಶಾಸ್ತ್ರ ನಮಗೆ ಹೊಸದಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರದಲ್ಲಿ ವಿವರಿಸಿರುವ ಯಾಜ್ಞವಲ್ಕ್ಯ ಸ್ಮೃತಿ ಹೊಣೆಯನ್ನು ಮೂರಾಗಿ ವಿಂಗಡಿಸುತ್ತದೆ: ಆಳನ್ನು ತಂದು ನಿಲ್ಲಿಸುವ ಹೊಣೆ, ಆತನು ನಂಬಿಕಸ್ಥನೆಂಬ ಹೊಣೆ, ಹಣ ತೆರುವ ಹೊಣೆ. ಮೊದಲಿನ ಎರಡು ಹೊತ್ತವನೊಡನೆ ತೀರುತ್ತವೆ. ಮೂರನೆಯದು ಅವನ ಮಕ್ಕಳ ಮೇಲೂ ಇಳಿಯುತ್ತದೆ. ಹಲವರು ಹೊಣೆಯಾಗಿ, ಒಬ್ಬೊಬ್ಬನೂ ಪೂರ್ಣ ಹೊಣೆಯನ್ನು ಒಪ್ಪಿದ್ದರೆ, ಧನಿಕನು ತನಗೆ ಬೇಕಾದವನಿಂದ ಪೂರ್ತಿ ವಸೂಲು ಮಾಡಬಹುದು. ಐ-864ರ ಕೂಡುಹೊಣೆಯೂ ಇದೇ. ಇನ್ನೊಂದು ಮಾತು ನನ್ನನ್ನು ತಡೆದು ನಿಲ್ಲಿಸಿತು. ಅವಿಭಕ್ತ ಕುಟುಂಬದಲ್ಲಿ ತಂದೆ-ಮಗ, ಗಂಡ-ಹೆಂಡತಿ, ಅಣ್ಣ-ತಮ್ಮಂದಿರು ಒಬ್ಬರಿಗೊಬ್ಬರು ಹೊಣೆಯಾಗುವುದು ಸಲ್ಲದೆನ್ನುತ್ತದೆ ಸ್ಮೃತಿ. ಗಂಟು ಒಂದೇ ಆಗಿರುವಲ್ಲಿ ಯಾರಿಗೆ ಯಾರು ಹೊಣೆ? ಈಗಿನ ಕಾನೂನು ಮೊದಲು ಕೇಳುವುದು ಮಗನ ಹೊಣೆಯನ್ನೇ. ತಾಯಿ ಮಗ ಎರಡು ಗಂಟುಗಳಾಗಿದ್ದಾರೆಂಬುದನ್ನು ಆ ನಮೂನೆ ಸದ್ದಿಲ್ಲದೆ ಒಪ್ಪಿಕೊಂಡಿದೆ.

ಮರುದಿನ ಆ ತಾಯಿ, “ಆ ಹುಡುಗ ಎಷ್ಟು ಕಾಲಕ್ಕೆ ಹೊಣೆ ಆಗ್ತಾನೆ? ಓದಿ ಹೇಳಿ” ಎಂದರು. ಓದಿದೆ. ತಾಯಿ ಅಲ್ಲಿಯ ಪೌರಳಾಗುವವರೆಗೆ; ಅಥವಾ ನಲವತ್ತು ತ್ರೈಮಾಸಿಕಗಳ, ಎಂದರೆ ಸುಮಾರು ಹತ್ತು ವರ್ಷಗಳ ದುಡಿಮೆ ಲೆಕ್ಕಕ್ಕೆ ಬರುವವರೆಗೆ; ಅಥವಾ ನೆಲಸುವ ಹಕ್ಕನ್ನು ಬಿಟ್ಟು ಹಿಂದಿರುಗುವವರೆಗೆ; ಅಥವಾ ಇಬ್ಬರಲ್ಲೊಬ್ಬರು ತೀರಿಕೊಳ್ಳುವವರೆಗೆ. ಅಷ್ಟರಲ್ಲಿ ಆದಾಯ ನೋಡಿ ಕೊಡುವ ಸರ್ಕಾರಿ ನೆರವನ್ನು ತಾಯಿ ಪಡೆದರೆ, ಅದನ್ನು ಹೊಣೆಗಾರನಿಂದ ಕೇಳಬಹುದು. ಅವನು ಮನೆ ಬದಲಿಸಿದರೆ ಮೂವತ್ತು ದಿನಗಳೊಳಗೆ ತಿಳಿಸಬೇಕು. ಎಪ್ಪತ್ತು ದಾಟಿದವರು ಹತ್ತು ವರ್ಷ ದುಡಿಯುವ ಮಾತಂತೂ ಇಲ್ಲ.

ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ನಮ್ಮ ಯಜಮಾನರು ಜೊತೆ ಮೇಷ್ಟ್ರೊಬ್ಬರ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದ್ದರು. ಅವರು ಕಟ್ಟಲಿಲ್ಲ. ಮೂರು ವರ್ಷ ಇವರ ಸಂಬಳದಲ್ಲಿ ಹಿಡಿದರು. ನನಗೆ ಗೊತ್ತಾದದ್ದು ಸಂಬಳ ಕಡಿಮೆ ಬಂದ ದಿನ. ಆ ಹುಡುಗನ ಹೆಂಡತಿಗೆ ಇದು ಗೊತ್ತಿದೆಯಾ ಮೇಷ್ಟ್ರೇ?”

ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ಆ ತಾಯಿ ಹೇಳಿ ಬರೆಸಿದ ಪತ್ರವೊಂದು ಗೆಳೆಯ ದಂಪತಿಗಳಿಬ್ಬರ ಹೆಸರಿಗೂ ಹೋಯಿತು. ಅದರಲ್ಲಿ ಬೇಡಿಕೆ ಒಂದೇ ಸಾಲು. ಉಳಿದದ್ದೆಲ್ಲ ಹೊಣೆಯ ಉದ್ದಗಲಗಳ ವಿವರ. ಬೇಡವೆಂದರೆ ಬೇಸರವಿಲ್ಲವೆಂಬ ಮಾತನ್ನು ಎರಡು ಸಲ ಬರೆಸಿದರು. ವಾರ ಕಳೆಯಿತು. ಉತ್ತರ ಬರೆದವಳು ಆ ಹೆಣ್ಣುಮಗಳೇ. ಇಬ್ಬರೂ ಕೂತು ಓದಿದೆವು, ಒಪ್ಪಿದೆವು, ಯಾರೂ ನಮಗೆ ಹೀಗೆ ಬಿಡಿಸಿ ಹೇಳಿರಲಿಲ್ಲ ಎಂದು ಬರೆದಿದ್ದಳು.

ಹೊಣೆಗಾರನ ವರಮಾನವನ್ನು ರುಜುವಾತು ಮಾಡಲು ತೆರಿಗೆಯ ನಕಲು ಸಾಕು. ಅವನು ತಿಳಿದು ಒಪ್ಪಿದನೆಂಬುದಕ್ಕೆ ನಮೂನೆಯಲ್ಲಿರುವುದು ರುಜುವೊಂದೇ. ಉಳಿದುದನ್ನು ಕೇಳುವವನೇ ತುಂಬಿಸಬೇಕು. ಪರದೇಶಕ್ಕೆ ಹಿರಿಯರನ್ನು ಕರೆಸಿಕೊಳ್ಳುವ ನಮ್ಮ ಮಕ್ಕಳು “ಒಂದು ಸಹಿ ಅಷ್ಟೆ” ಎಂಬ ಮಾತನ್ನು ಮರೆತರೆ ಒಳ್ಳೆಯದು.

ಪತ್ರಗಳು ಹೋಗಿವೆ, ಮುಂಬಯಿಯ ಕಾನ್ಸುಲೇಟಿನ ಸಂದರ್ಶನದ ಕರೆ ಇನ್ನು ಬರಬೇಕು. ಅರ್ಧ ಅನುವಾದವಾದ ಕ್ರಯಪತ್ರವನ್ನು ಹಿಂದಿರುಗಿಸಲು ಹೋದಾಗ ಆ ತಾಯಿ ಜಗುಲಿಯಲ್ಲಿಯೇ ಕುಳಿತಿದ್ದರು. “ಇಂಗ್ಲಿಷ್ ಅರ್ಧಕ್ಕೇ ಇರಲಿ ಬಿಡಿ ಮೇಷ್ಟ್ರೇ” ಎಂದು ಕಟ್ಟನ್ನು ಒಳಗಿಟ್ಟು ಬಂದರು.