ಮೀನಿನ ತೊಟ್ಟಿಯ ನೀಲಿ-ಹಸಿರು ಪಾಚಿ: ಪಾಚಿಯ ಮದ್ದಿಗೆ ಯಾಕೆ ಬಗ್ಗುವುದಿಲ್ಲ?

ಚಾವಡಿಯ ಮೂಲೆಯಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ಹತ್ತಾರು ಗಪ್ಪಿ ಮೀನು, ಒಂದಷ್ಟು ನೀರುಗಿಡ, ಅಡಿಯಲ್ಲಿ ಮರಳು. ಮೊದಲ ಎರಡು ತಿಂಗಳು ಎಲ್ಲವೂ ಚೆಂದ. ಆಮೇಲೆ ಒಂದು ದಿನ ಮರಳಿನ ಮೇಲೆ ಕಡು ಹಸಿರು ಬಣ್ಣದ ಲೋಳೆ ಪದರ ಕಾಣಿಸುತ್ತದೆ. ಕೈ ಹಾಕಿ ಎತ್ತಿದರೆ ಹಾಲಿನ ಕೆನೆಯಂತೆ ಹಾಳೆಯಾಗಿ ಏಳುತ್ತದೆ. ತೆಗೆದ ಮೂರನೆಯ ದಿನ ಮತ್ತೆ ಅಷ್ಟೇ ಬೆಳೆದಿರುತ್ತದೆ. ವಾರ ಕಳೆಯುವಷ್ಟರಲ್ಲಿ ಎಲೆಗಳ ಮೇಲೂ ಕಂಬಳಿ ಹೊದಿಸಿದ ಹಾಗೆ ಹಬ್ಬಿ, ಮುಚ್ಚಳ ತೆಗೆದರೆ ಕೆಸರು ಕೊಳೆತ ವಾಸನೆ. ಇಷ್ಟಕ್ಕೇ ಬೇಸತ್ತು ತೊಟ್ಟಿಯನ್ನು ಅಟ್ಟಕ್ಕೆ ಏರಿಸಿದವರಿದ್ದಾರೆ.

ಕನ್ನಡದಲ್ಲಿ ಇದಕ್ಕೆ ನೀಲಿ-ಹಸಿರು ಪಾಚಿ ಎಂದು ಹೆಸರು. ಮಲಯಾಳದಲ್ಲಿ ಪಾಯಲ್ ಎನ್ನಿ, ತಮಿಳಿನಲ್ಲಿ ಪಾಸಿ ಎನ್ನಿ, ಮರಾಠಿಯಲ್ಲಿ ಶೇವಾಳ, ತೆಲುಗಿನಲ್ಲಿ ನಾಚು ಎನ್ನಿ, ಯಾವ ಭಾಷೆಯಲ್ಲಿ ಕೇಳಿದರೂ ಅಂಗಡಿಯವರು ಕೊಡುವುದು ಪಾಚಿಯ ಮದ್ದನ್ನೇ. ಎಡವುವುದು ಇಲ್ಲಿಯೇ. ಇದು ಪಾಚಿಯಲ್ಲ, ಬ್ಯಾಕ್ಟೀರಿಯಾ. ವಿಜ್ಞಾನಿಗಳು ಇದನ್ನು ಸೈನೋಬ್ಯಾಕ್ಟೀರಿಯಾ ಎನ್ನುತ್ತಾರೆ. ಗಿಡಗಳ ಹಾಗೆ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುತ್ತದೆ ಎಂಬ ಕಾರಣಕ್ಕೆ ಹಿಂದಿನವರು ಪಾಚಿಗಳ ಸಾಲಿಗೆ ಸೇರಿಸಿದ್ದರು, ಹೆಸರು ಹಾಗೆಯೇ ಉಳಿಯಿತು. ಪಾಚಿ ತಿನ್ನುತ್ತದೆ ಎಂದು ದುಡ್ಡು ಕೊಟ್ಟು ತಂದ ಸಕ್ಕರ್ ಮೀನು ಇದರ ಹತ್ತಿರವೂ ಸುಳಿಯುವುದಿಲ್ಲ.

ಗದ್ದೆ ಇರುವವರಿಗೆ ಇದೇ ವಂಶದ ಜೀವಿಗಳ ಪರಿಚಯ ಬೇರೆ ರೀತಿಯಲ್ಲಿದೆ. ಭತ್ತದ ಗದ್ದೆಯ ನಿಂತ ನೀರಿನಲ್ಲಿ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ ಎಂದು ಪಿ.ಕೆ. ಡೇ ಎಂಬ ವಿಜ್ಞಾನಿ 1939ರಲ್ಲೇ ತೋರಿಸಿದ್ದರು. ದನಗಳಿಗೆ ಹಾಕುವ ಅಜೋಲಾದ ಎಲೆಯೊಳಗೂ ಇದರದೇ ಒಂದು ಜಾತಿ ವಾಸಿಸುತ್ತದೆ. ಗದ್ದೆಯಲ್ಲಿ ಉಪಕಾರಿ, ಗಾಜಿನ ತೊಟ್ಟಿಯಲ್ಲಿ ಉಪದ್ರವಿ.

ಗುರುತು ಹಿಡಿಯುವುದು ಸುಲಭ. ನಿಜವಾದ ಹಸಿರು ಪಾಚಿ ಕೂದಲಿನಂತೆ ಎಳೆಯಾಗಿ ಇರುತ್ತದೆ, ಇಲ್ಲವೇ ಗಾಜಿಗೆ ಚುಕ್ಕೆಯಾಗಿ ಅಂಟಿ ಉಜ್ಜಿದರೂ ಬಿಡುವುದಿಲ್ಲ. ಇದು ಹಾಗಲ್ಲ, ಲೋಳೆಯಾಗಿ ಹಾಳೆ ಹಾಳೆಯಾಗಿ ಏಳುತ್ತದೆ, ವಾಸನೆ ಬರುತ್ತದೆ. ಬಣ್ಣ ನೀಲಿ ಮಿಶ್ರಿತ ಹಸಿರು, ಕೆಲವೊಮ್ಮೆ ಕಪ್ಪು. ಮರಳು ಗಾಜಿಗೆ ತಾಗುವ ಅಂಚಿನಲ್ಲಿ, ಅದರಲ್ಲೂ ಕಿಟಕಿಯ ಬದಿಯಲ್ಲಿ ಮೊದಲು ಕಾಣಿಸುತ್ತದೆ.

ಹಾಗಾದರೆ ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ ಹಾಕಿದರೆ ಆಯಿತಲ್ಲ ಎಂಬ ಯೋಚನೆ ಸಹಜ. ಎರಿತ್ರೋಮೈಸಿನ್ ಮಾತ್ರೆಯನ್ನು ಪುಡಿ ಮಾಡಿ ತೊಟ್ಟಿಗೆ ಹಾಕುವ ಪದ್ಧತಿ ಮೀನು ಸಾಕುವವರಲ್ಲಿ ಹಳೆಯದು. ಲೋಳೆ ಸಾಯುತ್ತದೆ ಎಂಬುದೂ ಸುಳ್ಳಲ್ಲ. ಆದರೆ ಫಿಲ್ಟರಿನಲ್ಲಿ ಮೀನಿನ ಕಶ್ಮಲವನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು. ಮದ್ದು ಬೆರೆತ ನೀರು ಕೊನೆಗೆ ಹೋಗುವುದು ಅಂಗಳದ ಚರಂಡಿಗೆ. ಮನುಷ್ಯರ ಕಾಯಿಲೆಗೆ ಬೇಕಾದ ಮದ್ದು ನಾಳೆ ಕೆಲಸ ಮಾಡದಂತಾಗಲು ಇಂಥ ಬಳಕೆಯೂ ಕಾರಣ. ವೈದ್ಯರ ಚೀಟಿ ಇಲ್ಲದೆ ಇದನ್ನು ಮಾರುವಂತೆಯೂ ಇಲ್ಲ. ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ ಕೇರಳ ಸರಕಾರ 2024ರ ಜನವರಿಯಲ್ಲಿ 'ಆಪರೇಷನ್ ಅಮೃತ್' ಎಂಬ ಕಾರ್ಯಾಚರಣೆಯನ್ನೇ ಆರಂಭಿಸಿತು. ನಾಲ್ಕು ಗಪ್ಪಿಯ ಅಂದಕ್ಕೆ ಇಷ್ಟು ದೂರ ಹೋಗಬೇಕಾಗಿಲ್ಲ.

ಅಡಿಕೆ ತೋಟ ಇರುವ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಕೊಳೆರೋಗದ ಮದ್ದಿಗೆ ತಂದ ಮೈಲುತುತ್ತು ಕೈಗೆ ಸಿಗುವಂತೆ ಇರುತ್ತದೆ. ಅದರ ಒಂದು ಚಿಟಿಕೆ ಸಾಕು, ಲೋಳೆಗಿಂತ ಮೊದಲು ಮೀನು ಮೇಲೆ ತೇಲುತ್ತದೆ. ಕಾಸರಗೋಡಿನ ಮುರಕಲ್ಲು ನೆಲದ ಬಾವಿ, ಸುರಂಗಗಳ ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನಷ್ಟು ಜೋರು.

ಬೇಕಾಗಿರುವುದು ಮದ್ದಲ್ಲ, ಒಂದು ಸಣ್ಣ ಪೈಪು ಮತ್ತು ಮೂರು ದಿನದ ಕತ್ತಲೆ.

ಮೊದಲು ಲೋಳೆಯನ್ನು ಎಳೆದು ತೆಗೆಯಬೇಕು. ಉಜ್ಜಬಾರದು, ಉಜ್ಜಿದರೆ ಚೂರುಗಳು ನೀರಲ್ಲೆಲ್ಲ ಹರಡಿ ಬಿದ್ದಲ್ಲಿ ಚಿಗುರುತ್ತವೆ. ಮೇಸ್ತ್ರಿಗಳು ಮಟ್ಟ ನೋಡಲು ಹಿಡಿಯುವಂಥ ಸಣ್ಣ ಲೆವೆಲ್ ಪೈಪಿನ ತುಂಡು ಸಾಕು. ಬಾಯಿಯಿಂದ ಎಳೆಯುವ ಅಭ್ಯಾಸ ಬೇಡ, ಈ ಜೀವಿಗಳಲ್ಲಿ ಕೆಲವು ವಿಷಕಾರಿ. ಪೈಪಿಗೆ ನೀರು ತುಂಬಿಸಿ ಹೆಬ್ಬೆರಳಿನಿಂದ ಮುಚ್ಚಿ ಕೆಳಗಿಳಿಸಿ ಬಿಟ್ಟರೆ ತಾನಾಗಿ ಹರಿಯುತ್ತದೆ. ಅರ್ಧ ನೀರು ಹೋಗುವವರೆಗೂ ಲೋಳೆಯನ್ನು ಹೀರಿಸಿ ಹೊಸ ನೀರು ತುಂಬಬೇಕು. ಕ್ಲೋರಿನ್ ಬೆರೆಸುವ ನಲ್ಲಿ ನೀರಾದರೆ ಹಿಂದಿನ ರಾತ್ರಿಯೇ ಬಕೆಟಿನಲ್ಲಿ ತೆರೆದಿಡಬೇಕು. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು.

ಆಮೇಲೆ ಲೈಟು ಆರಿಸಿ, ಇಡೀ ತೊಟ್ಟಿಗೆ ದಪ್ಪ ಕಂಬಳಿ ಹೊದಿಸಿ ಮೂರು ದಿನ ಬಿಡಬೇಕು. ಒಂದು ಗೆರೆ ಬೆಳಕೂ ಒಳಗೆ ಹೋಗಬಾರದು. ಮೀನಿಗೆ ಆಹಾರ ಬೇಡ, ಮೂರು ದಿನ ಉಪವಾಸವಿದ್ದರೆ ದೊಡ್ಡ ಮೀನುಗಳಿಗೆ ಏನೂ ಆಗದು. ಮಕ್ಕಳು ಇಣುಕದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ! ಆದರೆ ಗಾಳಿಯ ಪಂಪು ಮಾತ್ರ ಹಗಲು ರಾತ್ರಿ ಓಡುತ್ತಿರಬೇಕು. ಸಾಯುವ ಲೋಳೆ ನೀರಿನ ಆಮ್ಲಜನಕವನ್ನು ತಿನ್ನುತ್ತದೆ, ಕತ್ತಲೆಯಲ್ಲಿ ಗಿಡಗಳೂ ಕೊಡುವುದಿಲ್ಲ. ಕರೆಂಟು ಬಹಳ ಹೊತ್ತು ಹೋಗುವ ಊರಾದರೆ ಬ್ಯಾಟರಿ ಪಂಪು ಬೇಕು. ಅದೂ ಇಲ್ಲವಾದರೆ ಆಗಾಗ ಮಗ್ಗಿನಿಂದ ನೀರು ಎತ್ತಿ ಮೇಲಿನಿಂದ ಹೊಯ್ಯಬೇಕು.

ನಾಲ್ಕನೆಯ ದಿನ ಕಂಬಳಿ ತೆಗೆದರೆ ಲೋಳೆ ಬಿಳಿಚಿ ಕಳಚಿರುತ್ತದೆ. ಅದನ್ನು ಪೈಪಿನಲ್ಲಿ ತೆಗೆದು ಮತ್ತೆ ಅರ್ಧ ನೀರು ಬದಲಿಸಬೇಕು. ಈ ನೀರು ಬದಲಾವಣೆಯನ್ನು ಬಿಟ್ಟವರ ತೊಟ್ಟಿಯಲ್ಲಿ ಸತ್ತದ್ದೇ ಗೊಬ್ಬರವಾಗಿ ಹತ್ತು ದಿನದಲ್ಲಿ ಹೊಸ ಲೋಳೆ ಬರುತ್ತದೆ.

ಕತ್ತಲೆ ಕೊಟ್ಟರೆ ಲೋಳೆ ಹೋಯಿತು, ಬಂದ ಕಾರಣ ಹೋಗಲಿಲ್ಲ. ಕಿಟಕಿಯ ಬಿಸಿಲು, ದಿನಕ್ಕೆ ಹತ್ತು ಹನ್ನೆರಡು ಗಂಟೆ ಉರಿಯುವ ಲೈಟು, ಮರಳಿನಲ್ಲಿ ಕೊಳೆಯುವ ಆಹಾರ, ನೀರು ಆಡದ ಮೂಲೆ, ಇವು ಸಾಮಾನ್ಯ ಕಾರಣಗಳು. ಲೈಟು ಆರು ಗಂಟೆಗೆ ಇಳಿಸಿ, ಫಿಲ್ಟರಿನ ಬಾಯಿಯನ್ನು ಲೋಳೆ ಬಂದ ಮೂಲೆಯ ಕಡೆ ತಿರುಗಿಸಬೇಕು.

ಹಲವರಿಗೆ ನಂಬಲು ಕಷ್ಟವಾಗುವ ಇನ್ನೊಂದು ಕಾರಣವಿದೆ. ಗಿಡ ತುಂಬಿದ ತೊಟ್ಟಿಯಲ್ಲಿ ನೈಟ್ರೇಟ್ ತೀರಾ ಕಡಿಮೆಯಾದರೂ ಇದು ಬರುತ್ತದೆ. ಗಿಡಗಳು ಸಾರಜನಕವಿಲ್ಲದೆ ಸೊರಗಿದಾಗ ಜಾಗ ಇದರ ಪಾಲಾಗುತ್ತದೆ. ಪರೀಕ್ಷೆಯ ಪಟ್ಟಿಯಲ್ಲಿ ಸೊನ್ನೆ ತೋರಿಸಿದರೆ ಲೀಟರಿಗೆ 10ರಿಂದ 20 ಮಿಲಿಗ್ರಾಂ ಬರುವಂತೆ ಮಾಡಬೇಕು. ಜತ್ತ, ಸೊಲ್ಲಾಪುರ ಕಡೆಯ ದ್ರಾಕ್ಷಿ, ದಾಳಿಂಬೆ ತೋಟದವರು ಹನಿ ನೀರಾವರಿಯಲ್ಲಿ ಬಿಡುವ 13-0-45 ಗೊಬ್ಬರ ಪೊಟ್ಯಾಸಿಯಂ ನೈಟ್ರೇಟೇ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಮರಳು ಕಳೆದು ಸುಮಾರು 45 ಲೀಟರ್ ನೀರಿರುತ್ತದೆ, ಅದಕ್ಕೆ 1 ಗ್ರಾಂ ಹಾಕಿದರೆ 13 ಮಿಲಿಗ್ರಾಂನಷ್ಟು ಏರುತ್ತದೆ. ಇದನ್ನು ಎರಡು ಸಲವಾಗಿ ಹಾಕಿದರೆ ಒಳ್ಳೆಯದು. ಯೂರಿಯಾ, 19-19-19 ಮುಟ್ಟಲೇಬಾರದು, ಅವುಗಳಿಂದ ಬರುವ ಅಮೋನಿಯಾ ಮೀನಿಗೆ ವಿಷ. ಪರೀಕ್ಷೆ ಮಾಡದೆ ಯಾವುದನ್ನೂ ಹಾಕುವುದು ಬೇಡ.

ತೆಗೆದ ನೀರನ್ನು ಬಾವಿಕಟ್ಟೆಯ ಹತ್ತಿರ ಚೆಲ್ಲಬಾರದು, ದನ ಕೋಳಿಗಳಿಗೂ ಕೊಡಬಾರದು. ಬಾಳೆಯ ಬುಡಕ್ಕೆ ಹೊಯ್ದರೆ ಸರಿ. ಕತ್ತರಿಸಿದ ಗಿಡಗಳನ್ನು ತೋಡಿಗೆ ಎಸೆಯುವುದಂತೂ ಬೇಡ. ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರ ಬಳಿಯ ಆವಳಪಾಂಡಿಯಲ್ಲಿ 2020ರಲ್ಲಿ ತೋಡು ತುಂಬ ಗುಲಾಬಿ ಹೂ ಅರಳಿ ಜನ ಫೋಟೋ ತೆಗೆಯಲು ಮುಗಿಬಿದ್ದಿದ್ದರು. ಅದು ದಕ್ಷಿಣ ಅಮೆರಿಕ ಮೂಲದ ಕಬೋಂಬಾ, ಮೀನಿನ ತೊಟ್ಟಿಗೆಂದು ಮಾರಾಟವಾಗುವ ಗಿಡ. ಬೇಡವಾದ ಗಿಡ, ಲೋಳೆ ಎರಡನ್ನೂ ಬಿಸಿಲಿನಲ್ಲಿ ಗರಿಗರಿಯಾಗುವಷ್ಟು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬಹುದು.