ಮಗ್ಗಿಯೂ ಬೇಕು, ಅಳತೆಯ ಹಗ್ಗವೂ ಬೇಕು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮಕ್ಕಳಿಗೆ ಗುಂಟೆ, ಎಕರೆ, ಕ್ವಿಂಟಾಲ್‌ಗಳ ಮಾತು ಹೊಸದಲ್ಲ. ರಾಶಿ ಅಡಿಕೆಗೆ ಏನು ರೇಟು, ಚಾಲಿ ಅಡಿಕೆಗೆ ಏನು ರೇಟು ಎಂಬುದು ಊಟಕ್ಕೆ ಕೂತಾಗಲೂ ಕಿವಿಗೆ ಬೀಳುತ್ತಿರುತ್ತದೆ. ಇಂಥ ಮನೆಯಿಂದ ಬಂದವರಲ್ಲೂ ಬೋರ್ಡಿನ ಮೇಲೆ ಎರಡಂಕಿಯ ಗುಣಾಕಾರ ಕಂಡ ಕೂಡಲೇ ತಡವರಿಸುವವರಿದ್ದಾರೆ. ಮನೆಯ ಲೆಕ್ಕ, ಶಾಲೆಯ ಲೆಕ್ಕ ಹೀಗೆ ಬೇರೆಯಾಗುವುದೇಕೆ?

ಈ ಪ್ರಶ್ನೆ ಮಲೆನಾಡಿನದಷ್ಟೇ ಅಲ್ಲ. 1985ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಸಂಶೋಧಕರು ಗಿರಾಕಿಗಳಂತೆ ಹೋಗಿ, ಬೀದಿ ವ್ಯಾಪಾರ ಮಾಡುವ ಐವರು ಮಕ್ಕಳಿಗೆ ಲೆಕ್ಕ ಕೇಳಿದರು. ಶೇ 98ರಷ್ಟು ಉತ್ತರಗಳು ಸರಿಯಿದ್ದವು. ಅದೇ ಬಗೆಯ ಲೆಕ್ಕವನ್ನು ಬರೀ ಅಂಕಿಗಳಲ್ಲಿ ಕೊಟ್ಟಾಗ ಸರಿಯಾದದ್ದು ಶೇ 37 ಮಾತ್ರ. ಕೋಲ್ಕತ್ತ, ದೆಹಲಿಗಳ ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳ ಬಗ್ಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ. ಅವರು ಇನ್ನೊಂದು ಸಂಗತಿಯನ್ನೂ ಕಂಡರು: ಶಾಲೆಯ ಲೆಕ್ಕ ಬಲ್ಲ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಎಡವಿದರು. ಒಂದು ಕಡೆ ಕಲಿತದ್ದು ತಾನಾಗಿ ಇನ್ನೊಂದು ಕಡೆಗೆ ದಾಟುವುದಿಲ್ಲ. ದಾಟಿಸುವುದೇ ಶಾಲೆಯ ಕೆಲಸ.

ಅದಕ್ಕೆ ನಮ್ಮಲ್ಲಿ ಎರಡು ದಾರಿಗಳಿವೆ. ಒಂದು, ಮಗ್ಗಿಯದು. ಹಿಂದಿನವರು ಕಾಲು, ಅರೆ, ಮುಕ್ಕಾಲರ ಮಗ್ಗಿಯನ್ನೂ ಬಾಯಿಪಾಠ ಮಾಡುತ್ತಿದ್ದರು. ಇದನ್ನು ಹಳೆಯದೆಂದು ತಳ್ಳಿಹಾಕಬಾರದು. ಲೆಕ್ಕ ಮಾಡುವಾಗ ಮಿದುಳು ಅಂಕಿಗಳನ್ನು ಹಿಡಿದಿಟ್ಟುಕೊಳ್ಳುವ ತಾತ್ಕಾಲಿಕ ನೆನಪಿನ ಜಾಗ ಬಹಳ ಚಿಕ್ಕದು. ‘ಏಳೆಂಟ್ಲ ಐವತ್ತಾರು’ ತಾನಾಗಿ ಬಾಯಿಗೆ ಬಂದರೆ ಆ ಜಾಗ ಮುಂದಿನ ಹೆಜ್ಜೆಗೆ ಉಳಿಯುತ್ತದೆ.

ಇನ್ನೊಂದು, ಮಾಡಿ ಕಲಿಯುವ ದಾರಿ. 1995ರಲ್ಲಿ ಹೆಗ್ಗಡದೇವನ ಕೋಟೆಯಲ್ಲಿ ಶುರುವಾದ ನಲಿಕಲಿ 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಮಕ್ಕಳು ಗುಂಪುಗಳಲ್ಲಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುತ್ತಾರೆ. ನಾಲ್ಕು, ಐದನೇ ತರಗತಿಗೆ ಬಂದ ‘ಗಣಿತ ಕಲಿಕಾ ಆಂದೋಲನ’ವೂ ಕಿಟ್ ಕೊಟ್ಟು, ಮೊದಲು ಮುಟ್ಟಿ ನೋಡಿ, ಆಮೇಲೆ ಬರೆಯಿರಿ ಎನ್ನುತ್ತದೆ.

ಎರಡನ್ನೂ ಕೂಡಿಸುವುದು ಹೇಗೆ? ಒಂದು ಗುಂಟೆಯನ್ನೇ ತೆಗೆದುಕೊಳ್ಳೋಣ. 33 ಅಡಿ ಉದ್ದ, 33 ಅಡಿ ಅಗಲ. ರೂಢಿಯ ಕ್ರಮದಲ್ಲಿ 99 ಬರೆದು, ಕೆಳಗೆ ಒಂದು ಮನೆ ಬಿಟ್ಟು ಇನ್ನೊಂದು 99 ಬರೆದು ಕೂಡಿದರೆ 1,089. ಮನೆ ಬಿಟ್ಟದ್ದೇಕೆ ಎಂದು ಕೇಳಿದರೆ ಮಗು ಸುಮ್ಮನಾಗಬಹುದು. ಶಾಲೆಯ ಅಂಗಳದಲ್ಲಿ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿ, ಎರಡೂ ಬದಿಯಲ್ಲಿ 30 ಅಡಿಗೆ ಗುರುತು ಹಾಕಿ ಗೆರೆ ಎಳೆಯಲಿ. ಚೌಕ ನಾಲ್ಕು ಭಾಗವಾಗುತ್ತದೆ: 900, 90, 90, 9. ಕೂಡಿದರೆ ಅದೇ 1,089. ಕೆಳಗಿನ ಸಾಲಿನ 99 ನಿಜವಾಗಿ 990 ಎಂಬುದು ಈಗ ಕಣ್ಣಿಗೆ ಕಾಣುತ್ತದೆ. ಇಂಥ 40 ಗುಂಟೆ ಸೇರಿದರೆ ಎಕರೆ, 43,560 ಚದರಡಿ.

ಮುಂದಿನ ಪ್ರಶ್ನೆ: 9 ಅಡಿ ಅಂತರದಲ್ಲಿ ಗುಂಟೆಗೆ ಎಷ್ಟು ಅಡಿಕೆ ಸಸಿ? 1,089ನ್ನು 81ರಿಂದ ಭಾಗಿಸಿದರೆ 13 ಚಿಲ್ಲರೆ. ಮೂಲೆಯಿಂದಲೇ ನೆಡುತ್ತ ಹೋದರೆ ಒಂದು ಬದಿಯಲ್ಲಿ 0, 9, 18, 27 ಅಡಿಗೆ ನಾಲ್ಕು ಸಸಿ; ಹಾಗೆ ನಾಲ್ಕು ಸಾಲು, ಒಟ್ಟು 16. ಯಾವುದು ಸರಿ? ಭಾಗಾಕಾರವು ಪ್ರತಿ ಸಸಿಗೂ ಪೂರಾ 81 ಚದರಡಿ ಕೊಡುತ್ತದೆ; ಗಡಿಯ ಮೇಲೆ ನೆಟ್ಟ ಸಸಿ ತನ್ನ ಜಾಗದ ಅರ್ಧವನ್ನು, ಮೂಲೆಯದಾದರೆ ಮುಕ್ಕಾಲನ್ನು, ಪಕ್ಕದ ತುಂಡುಗಳಿಂದ ಪಡೆಯುತ್ತದೆ. ಇದನ್ನು ವಾದ ಮಾಡಿ ಬಿಡಿಸಿಕೊಂಡ ಮಗುವಿಗೆ ಭಾಗಾಕಾರ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎರಡೂ ತಿಳಿಯುತ್ತದೆ. ಆಗುಂಬೆ, ಹುಲಿಕಲ್ಲಿನ ಮಳೆಯೂ ಇಲ್ಲಿ ಪಾಠವೇ: ದಿನಕ್ಕೆ 100 ಮಿ.ಮೀ. ಸುರಿದರೆ ಈ ಒಂದು ಗುಂಟೆಯ ಮೇಲೆ ಬಿದ್ದ ನೀರು ಸುಮಾರು 10,000 ಲೀಟರ್.

ಅರ್ಥ ಮೊದಲೋ ಅಭ್ಯಾಸ ಮೊದಲೋ ಎಂಬ ಜಗಳಕ್ಕೂ ಉತ್ತರವಿದೆ. ದಶಮಾಂಶ ಕಲಿಯುತ್ತಿದ್ದ ಮಕ್ಕಳನ್ನು ಗಮನಿಸಿ ಬೆಥನಿ ರಿಟಲ್-ಜಾನ್ಸನ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದಂತೆ, ತಿಳಿವಳಿಕೆ ಹೆಚ್ಚಿದಂತೆ ಲೆಕ್ಕದ ಕ್ರಮ ಹಿಡಿತಕ್ಕೆ ಬರುತ್ತದೆ, ಕ್ರಮ ಕೈಗೆ ಹತ್ತಿದಂತೆ ತಿಳಿವಳಿಕೆಯೂ ಬೆಳೆಯುತ್ತದೆ.

ಮನೆಗಳು ಚದುರಿರುವ ಮಲೆನಾಡಿನಲ್ಲಿ ಮಕ್ಕಳು ಕಡಿಮೆ. ಒಬ್ಬರೇ ಮೇಷ್ಟ್ರು ಹಲವು ತರಗತಿ ನೋಡಿಕೊಳ್ಳಬೇಕಾದ ಶಾಲೆಗಳಿವೆ. ಅಲ್ಲಿ ಹಗ್ಗ ಕಟ್ಟಿದ ಒಂದೇ ಗುಂಟೆ ಎಲ್ಲರಿಗೂ ಆಗುತ್ತದೆ: ಚಿಕ್ಕವರಿಗೆ ಹೆಜ್ಜೆ ಎಣಿಕೆ, ನಡುವಿನವರಿಗೆ ಗುಣಾಕಾರ, ದೊಡ್ಡವರಿಗೆ ಭಾಗಾಕಾರ, ಮಳೆಯ ಲೆಕ್ಕ. ಆದರೆ ಅಂಗಳದಲ್ಲಿ ಅಳೆದದ್ದನ್ನು ಅಂದೇ ಬೋರ್ಡಿನ ಮೇಲೆ ಅಂಕಿಗಳಲ್ಲಿ ಬರೆಸಬೇಕು, ಹೇಗೆ ಬಂತೆಂದು ಮಗುವಿನ ಬಾಯಲ್ಲೇ ಹೇಳಿಸಬೇಕು. ಹಾಗೆ ಮಾಡದಿದ್ದರೆ ಹಗ್ಗ ಆಟವಾಗಿ, ಮಗ್ಗಿ ಬರೀ ಪಾಠವಾಗಿ ಉಳಿಯುತ್ತದೆ.