ಡ್ಯಾಕ್ ಯಂತ್ರದ ಕೆಪಾಸಿಟರುಗಳು

ಸಂಗೀತವನ್ನು ಅಂಕೆಗಳಾಗಿ ಬರೆದಿಡುವ ಪದ್ಧತಿಯು 1982ರಲ್ಲಿ ಸಿ.ಡಿ. ತಟ್ಟೆಯೊಡನೆ ಗೃಹಸ್ಥರ ಮನೆಗಳನ್ನು ಹೊಕ್ಕಿತು. ಆ ತಟ್ಟೆಯಲ್ಲಿರುವುದು ನಾದವಲ್ಲ, ನಾದದ ಲೆಕ್ಕ. ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 65,536 ಮೆಟ್ಟಿಲುಗಳಲ್ಲೊಂದಕ್ಕೆ ಸೇರಿಸಿ ಬರೆದದ್ದು. ಈ ಲೆಕ್ಕವನ್ನು ಓದಿ ಮರಳಿ ವಿದ್ಯುತ್ತಿನ ಏರಿಳಿತವನ್ನಾಗಿ ಮಾಡುವ ಯಂತ್ರಕ್ಕೆ ಡ್ಯಾಕ್ ಎಂದು ಹೆಸರು. ಅದನ್ನು ಸಿದ್ಧವಾಗಿ ಕೊಳ್ಳದೆ, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಿಂದ ಬಿಡಿ ಭಾಗಗಳನ್ನು ತಂದು, ಬೆಸೆದು, ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳುಂಟು. ಕಟ್ಟಿ ಮುಗಿಯುವುದೇ ತಡ, ಅವರಲ್ಲೊಂದು ಆಸೆ ಮೊಳೆಯುವುದು: ಒಳಗಿನ ಕೆಪಾಸಿಟರುಗಳನ್ನು ಕಿತ್ತು ಹೆಚ್ಚಿನ ಬೆಲೆಯವನ್ನಿಟ್ಟರೆ ಹಾಡು ಇನ್ನೂ ಇಂಪಾದೀತಲ್ಲವೆ? ಕೆಪಾಸಿಟರು ಐದು ರೂಪಾಯಿಗೂ ದೊರೆಯುವುದು, ಐದು ಸಾವಿರಕ್ಕೂ ದೊರೆಯುವುದು. ಆದುದರಿಂದ ಈ ಪ್ರಶ್ನೆಯ ಉತ್ತರವು ಹವ್ಯಾಸಿಗೆ ಮಾತ್ರವಲ್ಲ, ಅವನ ಮನೆಯ ಜಮಾಖರ್ಚು ಬರೆಯುವವರಿಗೂ ಬೇಕಾದದ್ದು.

ಎರಡು ಲೋಹದ ಹಾಳೆಗಳ ನಡುವೆ ವಿದ್ಯುತ್ತು ಹಾಯದ ಪದರವೊಂದನ್ನಿಟ್ಟರೆ ಅದೇ ಕೆಪಾಸಿಟರು. ಹಾಲೆಂಡಿನ ಲೈಡನ್ ನಗರದ ಪಂಡಿತ ಮುಷೆನ್‌ಬ್ರೂಕನು ನೀರು ತುಂಬಿದ ಗಾಜಿನ ಜಾಡಿಯಲ್ಲಿ ವಿದ್ಯುತ್ತನ್ನು ಕೂಡಿಟ್ಟು, ಅದರಿಂದ ತಿಂದ ಘೋರವಾದ ಪೆಟ್ಟನ್ನು 1746ರಲ್ಲಿ ಮಿತ್ರನಿಗೆ ಬರೆದು ತಿಳಿಸಿದನು. ಇಂದಿನ ಕೆಪಾಸಿಟರು ಆ ಜಾಡಿಯ ವಂಶದ್ದೇ. ಡ್ಯಾಕಿನೊಳಗೆ ಕೆಲವು ಕೆಪಾಸಿಟರುಗಳು ನೀರಿನ ತೊಟ್ಟಿಯಂತೆ ವಿದ್ಯುತ್ತನ್ನು ಕೂಡಿಟ್ಟು ಸಮನಾಗಿ ಹರಿಸುವುವು. ಕೆಲವು ಬಾಗಿಲಲ್ಲಿ ನಿಂತು, ಸ್ಥಿರವಾದ ಪ್ರವಾಹವನ್ನು ತಡೆದು, ಏರಿಳಿಯುವ ನಾದವನ್ನು ಮಾತ್ರ ಹೊರಬಿಡುವುವು. ಯಾವುದಕ್ಕೆ ಯಾವ ಕೆಲಸವೆಂದು ತಿಳಿಯದೆ ಎಲ್ಲವನ್ನೂ ಬದಲಿಸುವುದು, ಮನೆಮಂದಿಗೆಲ್ಲ ಒಂದೇ ಕಷಾಯ ಕುಡಿಸಿದಂತೆ.

ತೊಟ್ಟಿಯ ಕೆಲಸ ಬಹುಮಟ್ಟಿಗೆ ಎಲೆಕ್ಟ್ರೊಲಿಟಿಕ್ ಜಾತಿಯವುಗಳದು. ಅಲ್ಯೂಮಿನಿಯಂ ಹಾಳೆ, ಅದರ ಮೈಮೇಲೆ ಆಕ್ಸೈಡಿನ ತೆಳುಪೊರೆ, ದ್ರವದಲ್ಲಿ ತೊಯ್ದ ಕಾಗದ, ಇವನ್ನು ಸುರುಳಿ ಸುತ್ತಿ ಡಬ್ಬಿಯಲ್ಲಿ ಮುಚ್ಚಿದ್ದು. ಆ ದ್ರವವು ಕಾಲಕ್ರಮದಲ್ಲಿ ಆರುವುದು. ಬಿಸಿಯಲ್ಲಿ ಬೇಗನೆ ಆರುವುದು. ಶಾಖವು ಹತ್ತು ಡಿಗ್ರಿ ಇಳಿದರೆ ಆಯುಸ್ಸು ಇಮ್ಮಡಿಯಾಗುವುದೆಂದು ಇಂಜಿನಿಯರುಗಳ ಸ್ಥೂಲವಾದ ಲೆಕ್ಕ. 85 ಡಿಗ್ರಿಯಲ್ಲಿ 2,000 ಗಂಟೆ ಬಾಳುವುದೆಂದು ಬರೆದಿರುವುದು 65 ಡಿಗ್ರಿಯ ಪೆಟ್ಟಿಗೆಯೊಳಗೆ 8,000 ಗಂಟೆ ಬಾಳೀತು. ದಿನಕ್ಕೆ ನಾಲ್ಕು ಗಂಟೆ ಹಾಡು ಕೇಳುವ ಮನೆಯಲ್ಲಿ ಅದು ಐದೂವರೆ ವರ್ಷದ ಮಾತು. 105 ಡಿಗ್ರಿಗೆ ಅಷ್ಟೇ ಗಂಟೆ ಬರೆದಿರುವುದು ಅದೇ ಸ್ಥಳದಲ್ಲಿ 32,000 ಗಂಟೆ, ಎಂದರೆ ಸುಮಾರು 22 ವರ್ಷ ಬಾಳೀತು. ಇವೆರಡರ ಬೆಲೆಯ ಅಂತರವು ಕೆಲವೇ ರೂಪಾಯಿ. ನನ್ನ ಮಟ್ಟಿಗೆ, ಬದಲಾವಣೆಗಳಲ್ಲೆಲ್ಲ ಕೊಟ್ಟ ಹಣಕ್ಕೆ ತಕ್ಕ ಫಲ ನಿಶ್ಚಯವಾಗಿ ದೊರೆಯುವುದು ಇದೊಂದರಲ್ಲಿಯೇ. ತಲೆ ಉಬ್ಬಿದ, ಬುಡ ಒಸರಿದ ಡಬ್ಬಿಯನ್ನಂತೂ ಕೂಡಲೇ ತೆಗೆಯತಕ್ಕದ್ದು.

ಹವ್ಯಾಸಿಗಳಿಗೆ ಬಹು ಪ್ರಿಯವಾದ ಚಿಪ್ಪೊಂದುಂಟು. ಫಿಲಿಪ್ಸ್ ಕಂಪೆನಿಯ ಟಿ.ಡಿ.ಎ. 1541ಎ. ಅದು ಈಗ ತಯಾರಾಗುವುದಿಲ್ಲವಾದರೂ ಹಳೆಯ ದಾಸ್ತಾನನ್ನು ಹುಡುಕಿ ತಂದು ಬಳಸುವರು. ಅದರ 28 ಕಾಲುಗಳಲ್ಲಿ 14ಕ್ಕೆ 0.1 ಮೈಕ್ರೊಫ್ಯಾರಡಿನ ಒಂದೊಂದು ಕೆಪಾಸಿಟರು ಬೇಕು. ಚಿಪ್ಪಿನೊಳಗೆ ಪ್ರವಾಹವನ್ನು ಸರಿಪಾಲು ಮಾಡುವಾಗ ಎಷ್ಟು ಜಾಗ್ರತೆ ವಹಿಸಿದರೂ ಕೂದಲೆಳೆಯ ವ್ಯತ್ಯಾಸ ಉಳಿಯುವುದು. ಅದಕ್ಕಾಗಿ ಪಾಲುಗಳನ್ನು ಬೇಗಬೇಗನೆ ಅದಲುಬದಲು ಮಾಡುತ್ತ ಸರಾಸರಿಯಲ್ಲಿ ಸಮಾನತೆಯನ್ನು ಸಾಧಿಸುವರು. ಅಣ್ಣತಮ್ಮಂದಿರು ಹೊಲದ ಪಾಲನ್ನು ವರ್ಷ ವರ್ಷವೂ ಬದಲಿಸಿಕೊಂಡು ಉತ್ತಂತೆ. ಆಗ ಏಳುವ ಸಣ್ಣ ಅಲೆಯನ್ನು ಈ 14 ಕೆಪಾಸಿಟರುಗಳು ಅಡಗಿಸುವುವು. ಇಲ್ಲಿ ಹೆಬ್ಬೆರಳು ಗಾತ್ರದ ಬೆಲೆಬಾಳುವ ಕೆಪಾಸಿಟರುಗಳನ್ನು ಉದ್ದವಾದ ತಂತಿಗಳ ಮೇಲೆ ನಿಲ್ಲಿಸುವವರುಂಟು. ನೋಟಕ್ಕೆ ಅದು ಚೆಂದ. ಆದರೆ ತಂತಿ ಉದ್ದವಾದಷ್ಟೂ ಅದು ವೇಗದ ಅಲೆಗಳಿಗೆ ಅಡ್ಡಿಯಾಗುವುದು. ಚಿಪ್ಪಿನ ಕಾಲಿಗೆ ಅಂಟಿದಂತಿರುವ ಪುಟ್ಟ ಫಿಲ್ಮ್ ಕೆಪಾಸಿಟರೇ ಮೇಲು.

ವಿದ್ಯುತ್ತನ್ನು ಹದಗೊಳಿಸುವ ರೆಗ್ಯುಲೇಟರಿನ ಬಳಿಯಲ್ಲಿ ಇನ್ನೊಂದು ಬಗೆಯ ತೊಡಕು. ಎಲ್.ಎಂ. 1117 ಎಂಬುದಕ್ಕೆ, ಮುಂದಿನ ಕೆಪಾಸಿಟರಿನ ಒಳರೋಧವು 0.3 ಓಮಿಗಿಂತ ಕಡಮೆಯಿರಬಾರದೆಂದು ತಯಾರಕರೇ ವಿಧಿಸಿದ್ದಾರೆ. ಒಳರೋಧ ಅತ್ಯಲ್ಪವಾಗಿರುವ ಹೊಸ ಪಾಲಿಮರ್ ಜಾತಿಯದನ್ನು ಅಲ್ಲಿಟ್ಟರೆ ರೆಗ್ಯುಲೇಟರು ತಾನೇ ಕಂಪಿಸತೊಡಗಬಹುದು. ಉತ್ತಮವೆಂದು ಕೊಂಡ ವಸ್ತುವು ಸ್ಥಳ ತಪ್ಪಿದರೆ ಹೀಗೆ ಕೇಡು ಮಾಡುವುದು.

ಇನ್ನು ಬಾಗಿಲು ಕಾಯುವ ಕೆಪಾಸಿಟರು. ಜನರು ಹಣ ಸುರಿಯುವುದು ಹೆಚ್ಚಾಗಿ ಇಲ್ಲಿಯೇ. ಎಲೆಕ್ಟ್ರೊಲಿಟಿಕ್ಕನ್ನು ತೆಗೆದು ಪಾಲಿಪ್ರೊಪಿಲೀನ್ ಫಿಲ್ಮಿನದನ್ನು ಹಾಕುವುದು ವಾಡಿಕೆ. ಅದರಲ್ಲಿ ತಪ್ಪಿಲ್ಲ, ಫಿಲ್ಮಿನದು ಒಣಗದು, ನಾದವನ್ನು ವಿಕಾರಗೊಳಿಸುವುದೂ ಕಡಮೆ. ಆದರೆ ಅದೇ ಅಳತೆಯ ಫಿಲ್ಮಿನದು ಬಹಳ ದೊಡ್ಡದಾಗುವುದರಿಂದ ಅಳತೆಯನ್ನೇ ಇಳಿಸಿಬಿಡುವರು. 10,000 ಓಮಿನ ಆಂಪ್ಲಿಫಯರಿನ ಮುಂದೆ 47 ಮೈಕ್ರೊಫ್ಯಾರಡಿನದಿದ್ದರೆ ಕೇಳಬರುವ ನಾದಕ್ಕೇನೂ ಕುಂದಿಲ್ಲ. ಅಲ್ಲಿ 0.47ನ್ನಿಟ್ಟರೆ, ಸೆಕೆಂಡಿಗೆ 34 ಕಂಪನದ ಸ್ವರದ ಶಕ್ತಿ ಅರ್ಧಕ್ಕಿಳಿಯುವುದು. 41 ಕಂಪನದ ಡಬಲ್ ಬೇಸ್ ವಾದ್ಯದ ಕೆಳತಂತಿಯೂ ಸೊರಗುವುದು. ಕೇಳುಗನು ಇದನ್ನೇ ‘ನಾದ ತಿಳಿಯಾಯಿತು’ ಎಂದು ಹಿಗ್ಗುವುದೂ ಉಂಟು! 4.7 ಮೈಕ್ರೊಫ್ಯಾರಡಿನದು ಸಾಕು. ಅದರಲ್ಲಿ ಈ ಎಲ್ಲೆಯು ಮೂರೂವರೆ ಕಂಪನಕ್ಕಿಳಿಯುವುದು.

ಪೆಟ್ಟಿಗೆಯನ್ನು ತೆರೆಯುವ ಮುನ್ನ ಮನೆಯವರು ಕೇಳಿಕೊಳ್ಳಬೇಕಾದ ಮಾತೊಂದುಂಟು. ಸ್ವಿಚ್ಚಿಂಗ್ ಬಗೆಯ ವಿದ್ಯುತ್ಪೂರೈಕೆಯಲ್ಲಿ ಗೋಡೆಯ 230 ವೋಲ್ಟು ಕೆಪಾಸಿಟರಿಗೆ ಸೇರುವಾಗ ಸುಮಾರು 325 ಆಗುವುದು. ಪ್ಲಗ್ಗನ್ನು ಕಿತ್ತ ಮೇಲೂ ಅದು ಅಲ್ಲಿ ನಿಂತಿರಬಹುದು. ಆ ಭಾಗಕ್ಕೆ ಬಲ್ಲವರಲ್ಲದೆ ಬೇರೆಯವರು ಕೈಯಿಡಬಾರದು. ಎಲೆಕ್ಟ್ರೊಲಿಟಿಕ್ಕನ್ನು ತಿರುವುಮುರುವಾಗಿ ಬೆಸೆದರೆ ಅದು ಸಿಡಿಯುವುದು. ಡಬ್ಬಿಯ ಮೇಲಿನ ಋಣಚಿಹ್ನೆಯ ಪಟ್ಟಿಯನ್ನು ಎರಡು ಸಲ ನೋಡಿಕೊಳ್ಳಬೇಕು.

ಬದಲಿಸಿದ್ದರಿಂದ ಫಲವುಂಟಾಯಿತೆ ಎಂಬುದನ್ನು ಬೆಲೆ ತೆತ್ತವನ ಕಿವಿಯೊಂದೇ ತೀರ್ಮಾನಿಸಲಾರದು. ಸುಲಭವಾದ ಪರೀಕ್ಷೆಯೊಂದಿದೆ. ಎಡಗಡೆಯ ಕೆಪಾಸಿಟರನ್ನು ಮಾತ್ರ ಬದಲಿಸಿ, ಎರಡು ಕಡೆಗೂ ಒಂದೇ ನಾದ ಬರುವ ಹಳೆಯ ಮೋನೊ ಮುದ್ರಿಕೆಯನ್ನು ಹಾಕಿರಿ. ಕಣ್ಣು ಮುಚ್ಚಿ ಕುಳಿತವರಿಗೆ ಮನೆಯವರೊಬ್ಬರು ಹೆಡ್‌ಫೋನನ್ನು ತಮ್ಮಿಷ್ಟದಂತೆ ಒಮ್ಮೆ ನೇರವಾಗಿ, ಒಮ್ಮೆ ಎಡಬಲ ತಿರುಗಿಸಿ ತೊಡಿಸಲಿ. ಹೊಸ ಕೆಪಾಸಿಟರು ಯಾವ ಕಿವಿಯಲ್ಲಿದೆಯೆಂದು ಹತ್ತು ಸಲದಲ್ಲಿ ಒಂಬತ್ತು ಸಲ ಸರಿಯಾಗಿ ಹೇಳಿದರೆ ಬಲಗಡೆಗೂ ಒಂದನ್ನು ಕೊಳ್ಳಬಹುದು. ಐದಾರು ಸಲ ಮಾತ್ರ ಸರಿಹೋದರೆ, ಕಿತ್ತಿಟ್ಟ ಹಳೆಯದನ್ನೇ ಎಡಗಡೆಗೆ ಮರಳಿ ಬೆಸೆದು, ಉಳಿದ ಹಣದಲ್ಲಿ ಎರಡು ಒಳ್ಳೆಯ ಮುದ್ರಿಕೆಗಳನ್ನು ತರಿಸಿಕೊಳ್ಳಬಹುದು.